ಮೈಸೂರಿನ ಸ್ಕೂಬಾ ಅಂಗಡಿ

ಮೈಸೂರಿನಲ್ಲಿ ಸ್ಕೂಬಾ ಡೈವಿಂಗ್ ಸಾಮಾನು ಮಾರುವ ಅಂಗಡಿಯೊಂದಿದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮುಳುಗುವುದು ಕುಕ್ಕರಹಳ್ಳಿ ಕೆರೆಯಲ್ಲೋ ಎಂದು ವಿಚಾರಿಸುತ್ತಾರೆ. ಮುಳುಗುವುದು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಾದ ನೇತ್ರಾಣಿ ದ್ವೀಪದ ಬಳಿ. ಕನ್ನಡಕವಿಲ್ಲದೆ ನನಗೆ ಮೀನಿಗೂ ಬಂಡೆಗೂ ವ್ಯತ್ಯಾಸ ತಿಳಿಯದಾದ್ದರಿಂದ, ಪವರ್ ಗಾಜಿನ ಮಾಸ್ಕೊಂದನ್ನು ಊರಿನಲ್ಲೇ ಕೊಂಡುಕೊಳ್ಳೋಣವೆಂದು ಆ ಅಂಗಡಿಗೆ ಹೋದೆ.

ಕೌಂಟರಿನ ಹುಡುಗ ಮೊಬೈಲಿನಿಂದ ತಲೆಯೆತ್ತದೆಯೇ ಈಜುವ ಗಾಗಲ್ಲೊಂದನ್ನು ಮುಂದಕ್ಕೆ ತಳ್ಳಿ, "ಎರಡೂ ಒಂದೇ ಮೇಡಂ, ಇದು ರೇಟು ಕಮ್ಮಿ" ಎಂದ. 10 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಮೂಗನ್ನೂ ಮುಚ್ಚುವ ಮಾಸ್ಕಾದರೆ ಮೂಗಿನಿಂದ ತುಸು ಗಾಳಿ ಬಿಟ್ಟು ಅದನ್ನು ಸರಿದೂಗಿಸಬಹುದು, ಗಾಗಲ್ಲಿಗೆ ಆ ದಾರಿಯೇ ಇಲ್ಲದ ಕಾರಣ ಅದು ಕಣ್ಣನ್ನೇ ಹೀರತೊಡಗುತ್ತದೆ ಎಂಬುದನ್ನು ಅಂಗಡಿಯವನಿಗೆ ಗಿರಾಕಿಯೇ ವಿವರಿಸಬೇಕಾಯಿತು. ಆತ ನಿಟ್ಟುಸಿರಿಟ್ಟು ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಮಾಸ್ಕು ಬೀಳದೆ ನಿಂತರೆ ಅಳತೆ ಸರಿಯಿದೆಯೆಂದು ಅರ್ಥ. ಆದರೆ ಬಿಲ್ ಆಗದೆ ಡಬ್ಬಿ ತೆರೆಯುವಂತಿರಲಿಲ್ಲ, ಬಿಲ್ ಆದ ಮೇಲೆ ಮಾಲು ವಾಪಸು ಪಡೆಯುವಂತಿರಲಿಲ್ಲ. ಎರಡನೆಯ ನಿಯಮವನ್ನು ಮಾತ್ರ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು.

ಸರಸ್ವತಿಪುರಂನ ಈಜುಕೊಳದಲ್ಲಿ ತಲೆ ಮುಳುಗಿಸಿದೊಡನೆ ಎಡಗಣ್ಣಿನ ಬದಿಯಿಂದ ನೀರು ಜಿನುಗಿತು. ಡಬ್ಬಿಯಲ್ಲೇ ವರ್ಷಗಟ್ಟಲೆ ಒತ್ತಿಕೊಂಡಿದ್ದ ಸಿಲಿಕೋನ್ ಅಂಚು ಒಂದೆಡೆ ಒಳಕ್ಕೆ ಮಡಚಿಕೊಂಡು, ಬೆರಳಿನಿಂದ ನೇರ ಮಾಡಿದಷ್ಟೂ ಮರಳಿ ಮಡಚಿಕೊಳ್ಳುತ್ತಿತ್ತು. ಅದರ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದರೆ, "ಸರ್, ಮೀಸೆ ಇದ್ರೆ ನೀರು ಬರುತ್ತೆ. ಬೋಳಿಸಿ ನೋಡಿ" ಎಂಬ ಉತ್ತರ ಬಂತು. ಮೀಸೆಯ ಕೂದಲು ಮಾಸ್ಕಿನ ಅಂಚನ್ನು ಸರಿಯಾಗಿ ಕೂರಗೊಡದೆಂಬುದು ನಿಜವೇ. ಆ ಅಂಗಡಿಯಿಂದ ನನಗೆ ದೊರೆತ ಏಕೈಕ ಸರಿಯಾದ ಮಾಹಿತಿ ಅದು, ದುರದೃಷ್ಟವಶಾತ್ ನನ್ನ ಮುಖಕ್ಕೆ ಅನ್ವಯಿಸಲಿಲ್ಲ.

ಜಗಳವಾಡಿಯೇ ಬರುವೆನೆಂದು ಹೋದೆ. ಮೈಸೂರಿನಲ್ಲಿ ಜಗಳವಾಡುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ತಿಳಿಯದು: ಮಾಲೀಕರು ಎದ್ದು ನಿಂತು ನಮಸ್ಕರಿಸಿ, ಕುರ್ಚಿಯ ಧೂಳನ್ನು ತಾವೇ ಒರೆಸಿ, ಕಾಫಿ ತರಿಸಿದರು. ಲೋಟ ಖಾಲಿಯಾಗುವವರೆಗೆ ತಾಳ್ಮೆಯಿಂದ ನನ್ನ ದೂರನ್ನು ಕೇಳಿಸಿಕೊಂಡು, "ಸಮುದ್ರ ಅಂದ್ಮೇಲೆ ಸ್ವಲ್ಪ ನೀರು ಇದ್ದೇ ಇರುತ್ತಲ್ವಾ ಮೇಡಂ?" ಎಂದರು. ಇದು ಈಜುಕೊಳದ ನೀರೆಂದರೆ, ಹಾಗಾದರೆ ಉಪ್ಪಿರುವುದಿಲ್ಲ, ಕಣ್ಣಿಗೇನೂ ಆಗದು ಎಂದು ಸಮಾಧಾನಪಡಿಸಿದರು.

ಹಣ ಹಿಂದಿರುಗಿಸುವ ಪದ್ಧತಿ ಇಲ್ಲವಾದ್ದರಿಂದ, ಕೊನೆಗೆ ಅವರು ಮೊಹರು ಒತ್ತಿ ಒಂದು ರಿಯಾಯಿತಿ ಚೀಟಿಯನ್ನು ಕೊಟ್ಟರು. ನೇತ್ರಾಣಿ ಪ್ರವಾಸವನ್ನು ತಮ್ಮ ಮೂಲಕವೇ ಕಾಯ್ದಿರಿಸಿದರೆ ದರದಲ್ಲಿ ಕಡಿತವಿದ್ದು, ಅದರ ವಾಯಿದೆ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಎಂದಿತ್ತು. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ಆ ತಿಂಗಳುಗಳಲ್ಲಿ ನೇತ್ರಾಣಿಗೆ ಡೈವಿಂಗ್ ದೋಣಿಗಳೇ ಹೊರಡುವುದಿಲ್ಲವಲ್ಲ ಎಂದು ಕೇಳಿದೆ.

"ಅದಕ್ಕೇ ಮೇಡಂ, ಆಗ ರಶ್ಶೇ ಇರಲ್ಲ" ಎಂದರು ಮಾಲೀಕರು.