ಆನ್‌ಲೈನ್ ಇರುವಾಗ ಮನೆ ಹುಡುಕಲು ಏಜೆಂಟ್ ಯಾಕೆ?

ಪರ: ಏಜೆಂಟ್ ಬೇಡ, ನಾವೇ ಹುಡುಕೋಣ

ಒಂದು ಕಾಲಕ್ಕೆ ಏಜೆಂಟರ ಬಂಡವಾಳ ಒಂದೇ ಇತ್ತು. ಯಾವ ಮನೆ ಮಾರಾಟಕ್ಕಿದೆ ಎಂಬ ಸುದ್ದಿ. ಅದನ್ನೂ ಒಂದೇ ಸಲಕ್ಕೆ ಬಿಚ್ಚುತ್ತಿರಲಿಲ್ಲ. ಮೊದಲು ಎರಡು ಕತ್ತಲೆ ಮನೆಗಳನ್ನು ಸುತ್ತಿಸುತ್ತಿದ್ದರು. ನಾವು ಸುಸ್ತಾದ ಮೇಲೆ ಮೂರನೆಯದಕ್ಕೆ ಕರೆದುಕೊಂಡು ಹೋದರೆ ಅದು ಅರಮನೆಯ ಹಾಗೆ ಕಾಣುತ್ತಿತ್ತು!

ಈಗ ಆ ಸುದ್ದಿ ಎಲ್ಲರ ಫೋನಿನಲ್ಲೂ ಇದೆ. ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ನಲವತ್ತು ಮನೆ ನೋಡಬಹುದು. ಮ್ಯಾಪ್ ತೆಗೆದು ಕೆಲಸದ ಜಾಗ ಎಷ್ಟು ದೂರ ಎಂದು ಅಳೆಯಬಹುದು. ಇಷ್ಟವಾದ ಮನೆಯನ್ನು ಸೇವ್ ಮಾಡಿಟ್ಟು ಸುಮ್ನೆ ಕಾಯಬಹುದು. ಎರಡು ತಿಂಗಳಾದರೂ ಜಾಹೀರಾತು ಹಾಗೇ ಇದ್ದರೆ ಚೌಕಾಸಿಗೆ ಜಾಗ ಇದೆ ಅಂತಲೇ ಲೆಕ್ಕ. ಒಮ್ಮೆ ಒಂದೇ ಮನೆಯ ಮೂರು ಜಾಹೀರಾತು ನನ್ನ ಕಣ್ಣಿಗೆ ಬಿದ್ದವು. ಮೂರಕ್ಕೂ ಬೇರೆ ಬೇರೆ ಬೆಲೆ. ಅಡುಗೆಮನೆ ಕಿಟಕಿಯ ಒಡೆದ ಗಾಜು ಮಾತ್ರ ಮೂರರಲ್ಲೂ ಒಂದೇ. ಒಬ್ಬ ಏಜೆಂಟ್‌ನನ್ನೇ ನಂಬಿ ಕೂತಿದ್ದರೆ ಇದು ಗೊತ್ತಾಗುತ್ತಿತ್ತಾ?

ಇನ್ನು ಕಮಿಷನ್. ಸಾಮಾನ್ಯವಾಗಿ ಅದು ಬೆಲೆಯಲ್ಲಿ ಇಷ್ಟು ಪಾಲು ಅಂತ ಇರುತ್ತದೆ. ಬೆಲೆ ಏರಿದಷ್ಟೂ ಅವರಿಗೆ ಲಾಭ, ಹಾಗಾಗಿ ಮಾರುವವರಿಗಾದರೂ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಅದೂ ಪೂರ್ತಿ ನಿಜವಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಶಿಕಾಗೊ ಸುತ್ತಮುತ್ತ ನಡೆದ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ, 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ, ಗಿರಾಕಿಗಳ ಮನೆಗೆ ಹೋಲಿಸಿದರೆ, ಸರಾಸರಿ 9.5 ದಿನ ಜಾಸ್ತಿ ಕಾಯುತ್ತಾರೆ, ಶೇ 3.7ರಷ್ಟು ಹೆಚ್ಚು ಬೆಲೆಯನ್ನೂ ಪಡೆಯುತ್ತಾರೆ ಎಂದು ಅದರಲ್ಲಿ ಕಂಡುಬಂತು. ಕಾರಣ ಸರಳ. ಕಾದರೆ ಸಿಗುವ ಹೆಚ್ಚಿನ ಹಣ ಬಹುಪಾಲು ಮಾಲೀಕರಿಗೆ ಹೋಗುತ್ತದೆ, ಏಜೆಂಟ್‌ಗೆ ಸಿಗುವುದು ಅದರಲ್ಲಿ ಒಂದು ಚೂರು. ಬೇಗ ಮುಗಿಸಿ ಮುಂದಿನ ಗಿರಾಕಿಯನ್ನು ಹಿಡಿಯುವುದೇ ಅವರಿಗೆ ಲಾಭ. ಕೊಳ್ಳುವವರಿಗೂ "ಇವತ್ತೇ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ" ಎನ್ನುವ ಮಾತು ಇಲ್ಲಿಂದಲೇ ಬರುತ್ತದೆ.

ಕಾಗದಪತ್ರ ನೋಡಲು ವಕೀಲರಿದ್ದಾರೆ, ಕಟ್ಟಡ ನೋಡಲು ಎಂಜಿನಿಯರ್ ಇದ್ದಾರೆ. ಇಬ್ಬರೂ ಮಾಡಿದ ಕೆಲಸಕ್ಕೆ ಫೀಸು ತಗೊಳ್ಳುತ್ತಾರೆ. ಮನೆ ಕೊಂಡರೂ ಬಿಟ್ಟರೂ ಅವರಿಗೆ ಒಂದೇ.

ವಿರೋಧ: ಫೋನ್ ತೋರಿಸದ್ದನ್ನು ಯಾರು ತೋರಿಸುತ್ತಾರೆ?

ಜಾಹೀರಾತಿನ ಫೋಟೊ ನೋಡುವಾಗ ಗೋಡೆ ಗಡಿಯಾರ ಎಲ್ಲಿದೆ ಎಂದು ಹುಡುಕಿ. ಅದು ಫೋಟೊದ ಅಂಚಿನಲ್ಲಿದ್ದು, ದುಂಡಗಿರುವ ಬದಲು ಮೊಟ್ಟೆಯ ಹಾಗೆ ಎಳೆದುಕೊಂಡಿದ್ದರೆ, ಆ ಫೋಟೊ ತೆಗೆದದ್ದು ವೈಡ್ ಆ್ಯಂಗಲ್ ಲೆನ್ಸ್‌ನಲ್ಲಿ. ಹಾಲ್ ಕೂಡ ಅಷ್ಟೇ ಎಳೆದುಕೊಂಡಿದೆ. ಅಲ್ಲಿ ಹೋಗಿ ನಿಂತರೆ ಸೋಫಾ ಹಾಕಿದ ಮೇಲೆ ಓಡಾಡಲು ಜಾಗ ಇರುವುದಿಲ್ಲ.

ಬೆಲೆಯ ಕಥೆಯೂ ಹಾಗೇ. ಅಮೆರಿಕದ ಝಿಲ್ಲೊ ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಕೋಟ್ಯಂತರ ಮನೆಗಳಿಗೆ ಕಂಪ್ಯೂಟರ್ ಲೆಕ್ಕದ ಬೆಲೆ ತೋರಿಸುತ್ತದೆ. ಆಮೇಲೆ ತಾನೇ ಮನೆ ಕೊಂಡು ಮಾರಲು ಹೊರಟಿತು. ಮುಂದೆ ಬೆಲೆ ಎಷ್ಟಾಗುತ್ತದೆ ಎಂದು ಸರಿಯಾಗಿ ಊಹಿಸಲು ಆಗುತ್ತಿಲ್ಲ ಎಂದು ಹೇಳಿ 2021ರ ನವೆಂಬರ್‌ನಲ್ಲಿ ಆ ವ್ಯವಹಾರ ಮುಚ್ಚುವುದಾಗಿ ಘೋಷಿಸಿತು. ಅಷ್ಟು ಮಾಹಿತಿ ಕೈಯಲ್ಲಿದ್ದವರೇ ಎಡವಿದರು. ನಾವು ಹಾಸಿಗೆಯಲ್ಲಿ ಮಲಗಿ ಬೆಲೆ ಅಂದಾಜು ಮಾಡುತ್ತೇವಂತೆ!

ಫಿಲ್ಟರ್ ಇನ್ನೊಂದು ಬಲೆ. ನಮ್ಮ ಬಜೆಟ್ ಹಾಕುತ್ತೇವೆ. ಅದಕ್ಕಿಂತ ಚೂರು ಮೇಲಿರುವ, ಮಾತಾಡಿದರೆ ಇಳಿಯುವ ಮನೆ ಪರದೆಗೆ ಬರುವುದೇ ಇಲ್ಲ. ಯಾವ ಮಾಲೀಕರಿಗೆ ದುಡ್ಡಿನ ಅವಸರ, ಯಾರು ಸುಮ್ನೆ ಬೆಲೆ ಪರೀಕ್ಷೆ ಮಾಡುತ್ತಿದ್ದಾರೆ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ. ದಿನಾ ಓಡಾಡುವ ಏಜೆಂಟ್‌ಗೆ ಗೊತ್ತಿರುತ್ತದೆ. ಕದ್ದ ಫೋಟೊ ಹಾಕಿ, ಮನೆ ತೋರಿಸದೆ ಅಡ್ವಾನ್ಸ್ ಕೇಳುವ ಮೋಸಗಾರರ ವಿಷಯವನ್ನು ನಾನು ಎತ್ತುವುದೂ ಇಲ್ಲ.

ಕಮಿಷನ್ ಬಗ್ಗೆ ಎದುರಿನವರು ಹೇಳಿದ್ದು ಸರಿಯೇ. ಆದರೆ ಅದಕ್ಕೆ ಮದ್ದು ಏಜೆಂಟ್‌ನನ್ನು ಬಿಡುವುದಲ್ಲ. "ನೀವು ಯಾರ ಪರ? ಹಣ ಕೊಡುವವರು ಯಾರು?" ಎಂದು ಮೊದಲ ದಿನವೇ ಕೇಳಿ, ಬರೆಸಿಕೊಳ್ಳುವುದು. ಅಮೆರಿಕದ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘದ ಹೊಸ ನಿಯಮಗಳು 2024ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಕೊಳ್ಳುವವರ ಏಜೆಂಟ್ ಮನೆ ತೋರಿಸುವ ಮೊದಲೇ, ತನ್ನ ಫೀಸು ಎಷ್ಟು ಎಂದು ನಮೂದಿಸಿ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಇಬ್ಬರ ಕಡೆಯಿಂದಲೂ ಕಮಿಷನ್ ತಗೊಳ್ಳುವವರಿದ್ದರೆ ಅವರಿಂದ ದೂರ ಇರಿ ಎಂದು ನಾನೂ ಹೇಳುತ್ತೇನೆ.

ನನಗೆ ಸಿಕ್ಕಿದ ಏಜೆಂಟ್ ಅಷ್ಟೇನೂ ಮಾತಾಡುವವರಲ್ಲ. ಆನ್‌ಲೈನ್‌ನಲ್ಲಿ ನಾನೇ ಆರಿಸಿದ್ದ ಮನೆಗೆ ಅವರನ್ನು ಕರೆದುಕೊಂಡು ಹೋದೆ. ನಾನು ಬಾಲ್ಕನಿ ನೋಡುತ್ತಾ ನಿಂತಿದ್ದೆ. ಅವರು ಮಲಗುವ ಕೋಣೆಯಲ್ಲಿ ಒಂದು ಗೋಡೆಯ ಮುಂದೆ ನಿಂತು ಅಂಗೈ ಇಟ್ಟು ನೋಡಿದರು. ನಾಲ್ಕು ಗೋಡೆಗಳಲ್ಲಿ ಅದಕ್ಕೊಂದಕ್ಕೆ ಮಾತ್ರ ಹೊಸ ಬಣ್ಣ. ಹೊರಗೆ ಬಂದ ಮೇಲೆ, "ಇವತ್ತು ಏನೂ ಹೇಳಬೇಡಿ. ಮಳೆ ಬಂದ ಮಾರನೇ ದಿನ ಇನ್ನೊಂದ್ಸಲ ಬರೋಣ" ಎಂದರು.

ಹೋದೆವು. ಬಣ್ಣ ಗುಳ್ಳೆ ಎದ್ದಿತ್ತು.