ಪಾಠದಲ್ಲೂ ಆಟದಲ್ಲೂ ಮಗುವನ್ನು ಸೋಲಲು ಬಿಡಬೇಕೇ?

ಪರ: ಮೊದಲು ತಪ್ಪಲಿ, ಆಮೇಲೆ ಕಲಿಸೋಣ

ನಡೆಯುವವರು ಎಡವದೆ ಕುಳಿತವರು ಎಡವುವರೇ ಎಂಬ ಗಾದೆಗೆ ಲೆಕ್ಕದ ಆಧಾರವೂ ಇದೆ. ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಹ ಸಂಶೋಧಕರು ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡಿಕೊಳ್ಳುವುದನ್ನು ಚಿತ್ರೀಕರಿಸಿ, ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿಯಲ್ಲಿ ಒಂದು ಮಗು ಗಂಟೆಗೆ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಬಿದ್ದಷ್ಟೂ ಸಲ ಏಳುತ್ತದೆ. ಬಿದ್ದದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ, ನಿನ್ನ ಓರಗೆಯ ಮಗು ಹದಿನಾರೇ ಸಲ ಬಿದ್ದಿತೆಂದು ಯಾರೂ ಹೇಳುವುದಿಲ್ಲ. ನಾನು ಸಮರ್ಥಿಸಲು ಹೊರಟಿರುವುದು ಈ ಬಗೆಯ ಸೋಲನ್ನು, ಅಂದರೆ ಬೆಲೆ ತೆರಬೇಕಿಲ್ಲದ ಸೋಲನ್ನು.

ಈ ಪಕ್ಷವನ್ನು ವಹಿಸಿಕೊಂಡು ಬರೆಯಬೇಕೆಂದು ಕೇಳಿದಾಗ ನಾನು ಒಪ್ಪಿದ್ದು ಸಂಪೂರ್ಣ ನಂಬಿಕೆಯಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಸರಿ. ಬಹಳ ಕಾಲ ಗಣಿತ ಕಲಿಸಿದ ನನಗೆ ಸೋಲಿನಿಂದ ಚಿಗುರಿದವರೂ ಗೊತ್ತು, ಬಾಡಿದವರೂ ಗೊತ್ತು. ಆದರೂ ಗಣಿತದ ತರಗತಿಯ ಮಟ್ಟಿಗೆ ಸೋಲಿನ ಪರವಾದ ಸಾಕ್ಷ್ಯ ಗಟ್ಟಿಯಾಗಿದೆ ಎಂದೇ ನನ್ನ ಅಭಿಪ್ರಾಯ.

ಕಲಿಕೆಯ ಸಂಶೋಧಕ ಮನು ಕಪೂರ್ ಅವರು 2008ರಿಂದ ‘ಫಲ ಕೊಡುವ ಸೋಲು’ ಎಂಬ ಅರ್ಥದ ಹೆಸರಿನಲ್ಲಿ ಪ್ರತಿಪಾದಿಸುತ್ತ ಬಂದಿರುವ ಕ್ರಮದಲ್ಲಿ ಸಮಸ್ಯೆ ಮೊದಲು ಬರುತ್ತದೆ, ಪಾಠ ಆಮೇಲೆ. ಅವರ ಒಂದು ಪ್ರಯೋಗದಲ್ಲಿ, ಮೂವರು ಫುಟ್‌ಬಾಲ್ ಆಟಗಾರರು ಇಪ್ಪತ್ತು ವರ್ಷಗಳಲ್ಲಿ ಹೊಡೆದ ಗೋಲುಗಳ ಪಟ್ಟಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಯಾರ ಆಟದಲ್ಲಿ ಏರಿಳಿತ ಕಡಿಮೆ ಎಂದು ಅಳೆಯುವ ವಿಧಾನವನ್ನು ಅವರೇ ಕಂಡುಕೊಳ್ಳಬೇಕೆಂದು ಹೇಳಲಾಯಿತು. ಇಂತಹ ಏರಿಳಿತವನ್ನು ಅಳೆಯುವ ಸೂತ್ರವಾದ ಮಾನಕ ವಿಚಲನೆಯ ಹೆಸರನ್ನೂ ಕೇಳಿರದ ಆ ಮಕ್ಕಳು ನಕ್ಷೆ ಬರೆದರು, ಸರಾಸರಿ ತೆಗೆದರು, ವರ್ಷದಿಂದ ವರ್ಷಕ್ಕೆ ಆದ ವ್ಯತ್ಯಾಸಗಳನ್ನು ಕೂಡಿಸಿದರು. ಸರಿಯಾದ ಸೂತ್ರಕ್ಕೆ ಅವರು ತಲುಪಲಿಲ್ಲ. ಬಳಿಕ ಪಾಠವಾಯಿತು. ಲೆಕ್ಕ ಮಾಡುವ ಚಾಕಚಕ್ಯತೆಯಲ್ಲಿ ಅವರೂ, ಮೊದಲೇ ಪಾಠ ಕೇಳಿದ್ದವರೂ ಹೆಚ್ಚುಕಡಿಮೆ ಸಮನಾಗಿದ್ದರು. ಆದರೆ ಆ ಸೂತ್ರ ಹಾಗೇಕಿದೆ ಎಂಬುದನ್ನು ಅರಿಯುವುದರಲ್ಲಿ, ಅದನ್ನು ಹೊಸ ಸಂದರ್ಭಕ್ಕೆ ಒಗ್ಗಿಸುವುದರಲ್ಲಿ ಮೊದಲು ಸೋತವರೇ ಮುಂದಿದ್ದರು. ಇಂತಹ 53 ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೂ ಇದೇ ದಿಕ್ಕಿನ ಫಲಿತಾಂಶವನ್ನು ಕೊಟ್ಟಿದೆ.

ಇದಕ್ಕೆ ಕಾರಣವನ್ನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ. ಭಿನ್ನರಾಶಿಯ ಸಂಕಲನವನ್ನು ಕಲಿಸುವ ಮೊದಲು 1/2ಕ್ಕೆ 1/3 ಕೂಡಿಸಿದರೆ ಎಷ್ಟು ಎಂದು ಕೇಳಿದರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎನ್ನುವವರೇ ಹೆಚ್ಚು. ಒಮ್ಮೆ ಒಬ್ಬ ಹುಡುಗ ಇದನ್ನು ಬಹಳ ಧೈರ್ಯದಿಂದ ಹೇಳಿದ. ನಾನು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ; ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದರಲ್ಲಿ ಅರ್ಧವನ್ನೂ ಇನ್ನೊಂದರಲ್ಲಿ ಐದರಲ್ಲಿ ಎರಡು ಭಾಗವನ್ನೂ ಗುರುತು ಮಾಡುವಂತೆ ಹೇಳಿದೆ. ಮಡಿಸಿ, ಗೆರೆ ಎಳೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟ. ಎರಡನೆಯ ಗೆರೆ ಅರ್ಧಕ್ಕಿಂತ ಹಿಂದೆಯೇ ನಿಂತಿತ್ತು. ಅರ್ಧಕ್ಕೆ ಮತ್ತಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ಅವನೇ ಕೇಳಿದ. ಸಮಛೇದದ ಪಾಠವನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕಿರಲಿಲ್ಲ. ಧೈರ್ಯವಾಗಿ ಹೇಳಿದ ತಪ್ಪು ಹಿಂಜರಿದು ಹೇಳಿದ ತಪ್ಪಿಗಿಂತ ಚೆನ್ನಾಗಿ ತಿದ್ದಿಕೊಳ್ಳುತ್ತದೆ ಎಂದು ಬ್ರೇಡಿ ಬಟರ್‌ಫೀಲ್ಡ್ ಮತ್ತು ಜ್ಯಾನೆಟ್ ಮೆಟ್ಕಾಫ್ 2001ರಲ್ಲಿಯೇ ತೋರಿಸಿದ್ದಾರೆ; ನಿರೀಕ್ಷೆ ಹುಸಿಯಾದಾಗ ಮನಸ್ಸು ಎಚ್ಚರಗೊಳ್ಳುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲೊಂದು.

ಆಟದ ಮೂಲಕ ಕಲಿಸುವವರು ಇದನ್ನು ಹಿಂದೆಯೇ ಅರಿತಿದ್ದರು. 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದ ಮರಿಯಾ ಮಾಂಟೆಸರಿಯವರ ಸಾಮಗ್ರಿಗಳಲ್ಲಿ, ಹತ್ತು ಕುಳಿಗಳಿರುವ ಒಂದು ಮರದ ತುಂಡು, ಅವುಗಳಲ್ಲಿ ಕೂರುವ ಹತ್ತು ಸಿಲಿಂಡರುಗಳು ಇವೆ. ಸಪೂರದ ಸಿಲಿಂಡರನ್ನು ಅಗಲವಾದ ಕುಳಿಯಲ್ಲಿಟ್ಟರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಕೊನೆಯಲ್ಲಿ ಮಾತ್ರ ಎಲ್ಲಿಯೂ ಕೂರದ ಒಂದು ಸಿಲಿಂಡರು ಮಗುವಿನ ಕೈಯಲ್ಲಿ ಉಳಿಯುತ್ತದೆ. ತಪ್ಪನ್ನು ಮರವೇ ತೋರಿಸುತ್ತದೆ, ಮಗು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತದೆ. ಮೇಲಿಂದ ಬೀಳುವ ತುಂಡುಗಳನ್ನು ಪರದೆಯ ಮೇಲೆ ಸಂದಿಲ್ಲದಂತೆ ಜೋಡಿಸಬೇಕಾದ, 1984ರಲ್ಲಿ ಹುಟ್ಟಿದ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟದ ಮೂಲ ರೂಪದಲ್ಲಂತೂ ಗೆಲುವೆಂಬುದೇ ಇಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ ತುಂಡುಗಳು ಮೇಲಿನವರೆಗೆ ತುಂಬಿಕೊಂಡು ಆಟ ಮುಗಿಯುತ್ತದೆ. ಆದರೂ ಜನ ಮತ್ತೆ ಆಡುತ್ತಾರೆ, ಏಕೆಂದರೆ ಆ ಸೋಲಿಗೆ ಬೆಲೆ ತೆರಬೇಕಿಲ್ಲ.

ಸೋತ ಮಕ್ಕಳು ಕುಗ್ಗುತ್ತಾರೆ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಕುಗ್ಗುವುದು ಸೋಲಿನಿಂದಲ್ಲ, ಸೋತಾಗ ಹಂಗಿಸುವವರಿಂದ. ಮಗುವಿನ ಕಾಲಿಗೆ ಕಲ್ಲು ತಾಗಬಾರದೆಂದು ದಾರಿಯುದ್ದಕ್ಕೂ ಹಾಸಿಗೆ ಹಾಸುತ್ತ ಹೋಗುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ಹಾಗೆಂದು ಇದು ಎಲ್ಲ ಮಕ್ಕಳಿಗೂ, ಎಲ್ಲ ಪಾಠಗಳಿಗೂ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಅಕ್ಷರ ತಿದ್ದುವ ಮಗುವಿಗೆ ಮೊದಲು ಕೈ ಹಿಡಿದೇ ಕಲಿಸಬೇಕು.

ವಿರೋಧ: ಏಳದೆ ಉಳಿದವರನ್ನು ಎಣಿಸಿದವರು ಯಾರು?

ಸೋಲಿನ ಗುಣಗಾನವನ್ನು ನಾನು ಕೇಳಿರುವುದು ಗೆದ್ದವರ ಬಾಯಿಂದ ಮಾತ್ರ. ಸೋತು ಸೋತು ಕೊನೆಗೊಮ್ಮೆ ದಡ ಸೇರಿದವರು ಹಿಂದಿರುಗಿ ನೋಡಿದಾಗ ಪ್ರತಿಯೊಂದು ಸೋಲೂ ಮೆಟ್ಟಿಲಿನಂತೆ ಕಾಣುವುದು ಸಹಜ. ದಡ ಸೇರದವರನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ. ನನ್ನ ವೃತ್ತಿಜೀವನ ಕಳೆದದ್ದು ಅಂತಹ ಮಕ್ಕಳ ನಡುವೆ, ತರಗತಿಯಲ್ಲಿ ಹಿಂದುಳಿದವರೆಂದು ಗುರುತಿಸಿ ಪ್ರತ್ಯೇಕವಾಗಿ ಪರಿಹಾರ ಬೋಧನೆಗೆ ಕಳುಹಿಸುವವರ ನಡುವೆ. ಆದ್ದರಿಂದ ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಒಬ್ಬ ಹುಡುಗಿಯ ವಿಚಾರ ಹೇಳುತ್ತೇನೆ. ಹನ್ನೊಂದು ವರ್ಷ ವಯಸ್ಸು. ಅವಳು ನನ್ನ ಬಳಿಗೆ ಬಂದ ಮೊದಲ ದಿನ ಭಾಗಾಕಾರದ ನಾಲ್ಕು ಲೆಕ್ಕ ಕೊಟ್ಟೆ. ಎಡಗೈಯನ್ನು ಹಾಳೆಗೆ ಅಡ್ಡವಾಗಿಟ್ಟುಕೊಂಡು, ಕಾಗದಕ್ಕೆ ಸೋಕಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಪೆನ್ಸಿಲ್ ಹಿಡಿದು ಬರೆದಳು. ಒಂದು ಅಂಕೆ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಮತ್ತೆ ಅಳಿಸುವುದು. ಮೂರನೆಯ ಲೆಕ್ಕದ ಹೊತ್ತಿಗೆ ರಬ್ಬರು ಉಜ್ಜಿದ ಜಾಗದಲ್ಲಿ ಹಾಳೆ ತೂತಾಗಿತ್ತು. ಉಳಿದ ಉತ್ತರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಾಯಿತು. ಒಂದು ಅಂಕೆಯನ್ನು 1 ಎಂದೂ ಓದಬಹುದಿತ್ತು, 7 ಎಂದೂ ಓದಬಹುದಿತ್ತು. ಅದು ಕೈಬರಹದ ದೋಷವಲ್ಲ ಎಂದು ನನಗೆ ತಿಳಿದದ್ದು ಕೆಲವು ವಾರಗಳ ನಂತರ. ತಪ್ಪೆಂದು ಹೇಳಿಸಿಕೊಳ್ಳುವುದನ್ನು ತಪ್ಪಿಸಲು ಆ ಮಗು ಕಂಡುಕೊಂಡಿದ್ದ ಉಪಾಯ ಅದು. ಐದು ವರ್ಷ ದಿನವೂ ಸೋತು ಅವಳು ಕಲಿತದ್ದು ಇಷ್ಟನ್ನೇ: ಓದಲಾಗದ ಉತ್ತರವನ್ನು ತಪ್ಪೆನ್ನಲು ಬರುವುದಿಲ್ಲ.

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ನೆನೆದರೆ ಮನಸ್ಸಿಗೆ ಹಿಂಸೆಯಾಗುತ್ತದೆ. ಆದರೆ ಅದು ಹೇಳಿದ್ದನ್ನು ಮರೆಯುವಂತಿಲ್ಲ. ಏನು ಮಾಡಿದರೂ ನಿಲ್ಲದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಪ್ರಯತ್ನಿಸಲೇ ಇಲ್ಲ. ಮನುಷ್ಯರ ವಿಷಯಕ್ಕೆ ಬಂದರೆ, ಲಾರೆನ್ ಎಸ್ಕ್ರಿಸ್-ವಿಂಕ್ಲರ್ ಮತ್ತು ಆಯಲೆಟ್ ಫಿಶ್‌ಬಾಕ್ ಅವರ 2019ರ ಅಧ್ಯಯನವಿದೆ. ಪ್ರತಿ ಪ್ರಶ್ನೆಗೂ ಎರಡೇ ಉತ್ತರಗಳು. ಆರಿಸಿದ್ದು ಸರಿ ಎಂದರೂ ತಪ್ಪು ಎಂದರೂ ಸರಿಯುತ್ತರ ಯಾವುದೆಂಬುದು ಒಂದೇ ರೀತಿ ತಿಳಿಯಬೇಕು. ಆದರೂ ನಿಮ್ಮ ಉತ್ತರ ತಪ್ಪು ಎಂದು ಹೇಳಿಸಿಕೊಂಡವರು, ಸರಿ ಎಂದು ಹೇಳಿಸಿಕೊಂಡವರಿಗಿಂತ ಕಡಿಮೆ ಕಲಿತರು. ಅದೇ ಜನ ಬೇರೆಯವರ ಸೋಲನ್ನು ನೋಡುವಾಗ ಹೀಗೆ ಹಿಂದೆ ಬೀಳಲಿಲ್ಲ. ತಾನು ಸೋತೆನೆಂಬ ನೋವಿಗೆ ಮನಸ್ಸು ಬಾಗಿಲು ಮುಚ್ಚಿಕೊಳ್ಳುತ್ತದೆ, ಆ ಬಾಗಿಲಿನಾಚೆಗೆ ಪಾಠವೂ ಉಳಿದುಬಿಡುತ್ತದೆ. ಇದು ಪ್ರಾಯಕ್ಕೆ ಬಂದವರ ಮಾತು. ಹನ್ನೊಂದು ವರ್ಷದ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಯೋಚಿಸಿ.

ಸಮಸ್ಯೆಯನ್ನು ಮೊದಲು ಕೊಟ್ಟು ಪಾಠವನ್ನು ಆಮೇಲೆ ಮಾಡುವ ಪ್ರಯೋಗಗಳ ಬಗ್ಗೆ ನನಗೆ ಗೊತ್ತಿದೆ. ಅವರ ಮಕ್ಕಳು ಬೇರೆ, ನನ್ನ ಮಕ್ಕಳು ಬೇರೆ. ಎಲ್ಲರೂ ಉಲ್ಲೇಖಿಸುವ 2021ರ ವಿಶ್ಲೇಷಣೆಯಲ್ಲಿಯೇ, ಎರಡರಿಂದ ಐದನೆಯ ತರಗತಿಯ ಮಕ್ಕಳ ಮಟ್ಟಿಗೆ ಫಲಿತಾಂಶ ತಿರುಗುಮುರುಗಾಗಿದೆ. ಅವರಿಗೆ ಮೊದಲು ಕಲಿಸುವುದೇ ಮೇಲು ಎಂದಿದೆ. ಸೋಲಿನ ಪರ ಮಾತನಾಡುವವರು ಆ ಸಾಲನ್ನೇಕೆ ಓದಿ ಹೇಳುವುದಿಲ್ಲ? ಈಜು ಬಾರದವನನ್ನು ನೀರಿಗೆ ನೂಕಿ, ಮುಳುಗುವುದು ಹೇಗೆಂದು ತಿಳಿದ ಮೇಲೆ ಈಜು ಕಲಿಸುತ್ತೇನೆ ಎನ್ನುವುದನ್ನು ಬೋಧನೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಶಿಕ್ಷಣ ಸಂಶೋಧಕರಾದ ಕಿರ್ಶ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಎಚ್ಚರಿಸಿದ್ದು ಇದನ್ನೇ: ಹೊಸದಾಗಿ ಕಲಿಯುವವರು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದುಕೊಳ್ಳಬಹುದಾದದ್ದು ಬಹಳ ಕಡಿಮೆ, ಅದನ್ನೆಲ್ಲ ದಾರಿ ಹುಡುಕುವುದಕ್ಕೇ ಖರ್ಚು ಮಾಡಿಸಿದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಜೊತೆಗೆ, ತಪ್ಪು ಕೂಡ ಅಭ್ಯಾಸವಾಗಿ ಕೂತುಬಿಡುತ್ತದೆ. ಏಳೆಂಟಲಿ ಐವತ್ನಾಲ್ಕು ಎಂದು ಹತ್ತು ಸಲ ಹೇಳಿದ ಮಗುವಿಗೆ ಐವತ್ತಾರು ಎಂದು ತಿದ್ದಿದರೆ, ಮರುದಿನ ಬಾಯಿಗೆ ಬರುವುದು ಐವತ್ನಾಲ್ಕೇ.

ಆಟದಲ್ಲಿ ಸೋಲು ಹಗುರ ಎನ್ನುತ್ತಾರೆ. ಆಟ ಹಗುರವಾಗಿರುವುದು ಬೇಡವೆನಿಸಿದಾಗ ಬಿಟ್ಟು ಏಳಬಹುದಾದ್ದರಿಂದ. ತರಗತಿಯಿಂದ ಹಾಗೆ ಎದ್ದು ಹೋಗುವಂತಿಲ್ಲ, ಆದ್ದರಿಂದ ತರಗತಿಯೊಳಗೆ ತಂದ ಆಟ ಆಟವಾಗಿ ಉಳಿಯುವುದೂ ಇಲ್ಲ. ಎಲ್ಲರನ್ನೂ ನಿಲ್ಲಿಸಿ ಮಗ್ಗಿ ಕೇಳುತ್ತ ಹೋಗಿ, ತಪ್ಪಿದವರನ್ನು ಕೂರಿಸುವ ಪಂದ್ಯವನ್ನು ಗಮನಿಸಿ ನೋಡಿ. ಮೊದಲ ಸುತ್ತಿನಲ್ಲಿಯೇ ಕೂರುವುದು ಯಾರು? ಮಗ್ಗಿಯ ಅಭ್ಯಾಸ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಗು. ಒಂದೇ ಒಂದು ಪ್ರಶ್ನೆಗೆ ಉತ್ತರಿಸಿ, ಉಳಿದ ಅವಧಿಯನ್ನೆಲ್ಲ ಬಲ್ಲವರು ಉತ್ತರಿಸುವುದನ್ನು ನೋಡುತ್ತ ಕೂರಬೇಕಾದದ್ದು ಅದಕ್ಕೆ. ನಗುನಗುತ್ತ ಆಡಿಸುವ ಈ ಪಂದ್ಯವನ್ನು ನಾನೂ ಮೊದಮೊದಲು ಆಡಿಸಿದ್ದೇನೆ, ಆ ಮಕ್ಕಳ ಮುಖವನ್ನು ನೋಡಿದ ಮೇಲೆ ಬಿಟ್ಟಿದ್ದೇನೆ.

ಆ ಹುಡುಗಿಯ ಮಟ್ಟಿಗೆ ನಾನು ಭಾಗಾಕಾರವನ್ನು ಬದಿಗಿಟ್ಟು, ಅವಳು ತಪ್ಪಲು ಸಾಧ್ಯವೇ ಇಲ್ಲದ ಜಾಗದಿಂದ ಆರಂಭಿಸಿದೆ. ಎರಡಂಕಿಯ ವ್ಯವಕಲನ, ದಶಕ ಕಡ ತೆಗೆದುಕೊಳ್ಳುವ ಗೋಜಿಲ್ಲದ್ದು. ಅದಾದ ಮೇಲೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಪ್ರತಿ ಹೊಸ ಬಗೆಯ ಲೆಕ್ಕವನ್ನೂ ಮೊದಲು ನಾನು ಮಾಡಿ ತೋರಿಸುತ್ತಿದ್ದೆ, ಆಮೇಲೆ ಇಬ್ಬರೂ ಸೇರಿ ಮಾಡುತ್ತಿದ್ದೆವು, ಕೊನೆಗೆ ಅವಳೊಬ್ಬಳೇ ಮಾಡುತ್ತಿದ್ದಳು. ಎರಡು ತಿಂಗಳು ಕಳೆದ ಮೇಲೆ ಎಡಗೈ ಹಾಳೆಯ ಮೇಲಿಂದ ಸರಿಯಿತು. ನಾಲ್ಕನೆಯ ತಿಂಗಳಿನಲ್ಲಿ ಅಂಕೆಗಳು ಕಪ್ಪಗೆ, ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದರೆ ತಿಳಿಯುವಷ್ಟು ಒತ್ತಿ ಬರೆದವು ಆಗಿದ್ದವು. ಒಂದು ದಿನ ಶೇಷ ತಪ್ಪಿದಾಗ ಅಳಿಸದೆ ಹಾಗೆಯೇ ತಂದು, ಎಲ್ಲಿ ತಪ್ಪಿದ್ದೇನೆ ಎಂದು ಕೇಳಿದಳು. ತಪ್ಪಿನಿಂದ ಅವಳು ಏನನ್ನಾದರೂ ಕಲಿತದ್ದು ಅಂದೇ ಮೊದಲು, ಅದಕ್ಕೆ ಹಿಂದೆ ನಾಲ್ಕು ತಿಂಗಳ ಸರಿಯುತ್ತರಗಳಿದ್ದವು.

ಮುಂದಿನ ವರ್ಷ ಅವಳು ಬೇರೆ ತರಗತಿಗೆ ಹೋದಳು. ಅಲ್ಲಿನ ಶಿಕ್ಷಕರು ಒಳ್ಳೆಯವರು, ಗದರಿದವರಲ್ಲ, ಯಾರನ್ನೂ ಹಂಗಿಸಿದವರಲ್ಲ. ಮೊದಲ ವಾರ ಅವರು ಇನ್ನೂ ಕಲಿಸಿರದ ಲೆಕ್ಕಗಳ ಒಂದು ಹಾಳೆ ಕೊಟ್ಟು, ತಪ್ಪಾದರೂ ಚಿಂತೆಯಿಲ್ಲ, ಧೈರ್ಯವಾಗಿ ಪ್ರಯತ್ನಿಸಿ ಎಂದು ಮಕ್ಕಳಿಗೆ ಹೇಳಿದರಂತೆ. ಅವಳ ಹಾಳೆಯನ್ನು ಅವರೇ ನನಗೆ ತಂದು ತೋರಿಸಿದರು, ಇದನ್ನು ಹೇಗೆ ಓದುವುದು ಎಂದು ಕೇಳಲು. ಕಿಟಕಿಯ ಬಳಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದೆ.