ಸೇತುವೆ ಬಂದ ಮೇಲೂ ಸಿಗಂದೂರು ಲಾಂಚ್ ಬೇಕಾ?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಅಲ್ಲಿಯವರೆಗೆ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ತುಮರಿಗೋ ಸಿಗಂದೂರಿಗೋ ಹೋಗುವವರು ಈಚೆ ದಡದ ಹೊಳೆಬಾಗಿಲಿನಲ್ಲಿ, ಜನರನ್ನೂ ಗಾಡಿಗಳನ್ನೂ ದಾಟಿಸುವ ಲಾಂಚ್ ಹತ್ತಬೇಕಿತ್ತು. ಇಲ್ಲದಿದ್ದರೆ ರಸ್ತೆಯಲ್ಲಿ ದೂರದ ಸುತ್ತು. ಈಗ ಗಾಡಿ ನೇರವಾಗಿ ಆಚೆ ದಡ ಸೇರುತ್ತದೆ. ಹಾಗಾದರೆ ಇಲ್ಲಿ ಲಾಂಚ್ ಓಡಿಸುವ ಅಗತ್ಯ ಇನ್ನೂ ಇದೆಯಾ?

ಪರ: ಲಾಂಚ್ ಇರಲಿ

ಸೇತುವೆಯಿಂದ ಮೊದಲು ಅನುಕೂಲವಾಗುವುದು ಸ್ವಂತ ಗಾಡಿ ಇದ್ದವರಿಗೆ. ಮಿಕ್ಕವರು ಬಸ್ಸಿಗೆ ಕಾಯಬೇಕು. ಬಸ್ ತಪ್ಪಿದರೆ? ಮಲೆನಾಡಿನ ಆಷಾಢದ ಮಳೆಯಲ್ಲಿ, ಕೊಡೆ ನಿಲ್ಲದ ಗಾಳಿಯಲ್ಲಿ, ಅಷ್ಟು ಉದ್ದದ ಸೇತುವೆಯನ್ನು ನಡೆದು ದಾಟುವುದು ವಯಸ್ಸಾದವರಿಂದ ಆಗುವ ಕೆಲಸ ಅಲ್ಲ. ಲಾಂಚಿನಲ್ಲಿ ಪುಡಿಗಾಸು ಕೊಟ್ಟು ಕೂತೇ ದಾಟುತ್ತಿದ್ದರು.

ದಡದ ಬದುಕನ್ನೂ ನೋಡಬೇಕು. ಲಾಂಚಿಗೆ ಕಾಯುವ ಜನರನ್ನೇ ನಂಬಿ ಹೋಟೆಲ್, ಅಂಗಡಿ ಇಟ್ಟವರಿದ್ದಾರೆ. ಆಚೆ ದಡದಲ್ಲಿ ಜೀಪು, ವ್ಯಾನು ಓಡಿಸಿದವರಿದ್ದಾರೆ. ಗಾಡಿಗಳು ನಿಲ್ಲದೆ ಸೇತುವೆ ದಾಟಿದರೆ ಅವರ ವ್ಯಾಪಾರವೂ ನಿಲ್ಲುತ್ತದೆ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವವರಲ್ಲಿ ಎಷ್ಟೋ ಜನಕ್ಕೆ ಲಾಂಚೂ ಒಂದು ಆಸೆ. ದಿನಕ್ಕೆ ನಾಲ್ಕಾರು ಸಲ ಜನರನ್ನು ಮಾತ್ರ ಹತ್ತಿಸಿಕೊಂಡು ಓಡಿಸಿದರೂ ಇವರಿಗೆಲ್ಲ ಆಸರೆಯಾಗುತ್ತದೆ.

ವಿರೋಧ: ಇಲ್ಲಿ ಸಾಕು

ಪ್ರವಾಸಿಗೆ ಲಾಂಚ್ ಅರ್ಧ ದಿನದ ಖುಷಿ. ಆಚೆ ದಡದ ಕರೂರು–ಬಾರಂಗಿ ಹೋಬಳಿಯವರಿಗೆ ಅದು ದಿನನಿತ್ಯದ ಕಟ್ಟುಪಾಡಾಗಿತ್ತು. ಸಂಜೆ ಕೊನೆಯ ಲಾಂಚ್ ಹೋಯಿತು ಅಂದರೆ ದಾರಿ ಮುಚ್ಚಿತು ಅಂತಲೇ ಲೆಕ್ಕ. ಆಮೇಲೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ, ಸಾಗರದ ಆಸ್ಪತ್ರೆ ಮುಟ್ಟಲು ಒದ್ದಾಡಬೇಕು. ರಜಾ ದಿನಗಳಲ್ಲಿ ಪ್ರವಾಸಿಗಳ ಕಾರಿನ ಸಾಲಿನ ಹಿಂದೆ ಊರಿನವರೇ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಗಾಡಿ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಈ ಹಿನ್ನೀರು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ನೀರು ಅಲ್ಲಿಂದ ಎಷ್ಟು ಇಳಿದಿದೆ ಅನ್ನುವುದರ ಮೇಲೆ ಇಡೀ ಹೋಬಳಿಯ ಓಡಾಟ ನಿಂತಿತ್ತು.

ಈ ಜನ ದ್ವೀಪದಂಥ ಜಾಗದಲ್ಲಿ ಸುಮ್ನೆ ಹೋಗಿ ಕೂತವರಲ್ಲ. 1964ರಲ್ಲಿ ಅಣೆಕಟ್ಟು ಎದ್ದ ಮೇಲೆ ಗದ್ದೆ, ತೋಟ, ರಸ್ತೆ ಮುಳುಗಿದವು. ನಾಡಿಗೆ ಕರೆಂಟ್ ಬಂತು, ಇವರ ದಾರಿ ಹೋಯಿತು. ಸೇತುವೆಗಾಗಿ ದಶಕಗಳ ಕಾಲ ಹೋರಾಡಿದವರೂ ಇವರೇ. ಅವರ ಕಷ್ಟ ಈಗಷ್ಟೇ ತೀರಿರುವಾಗ, ನೋಡಲು ಚೆಂದ ಅಂತ ಲಾಂಚನ್ನು ಉಳಿಸಿ ಎಂದು ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಗಾಡಿ ಇಲ್ಲದವರ ತೊಂದರೆ ನಿಜ. ಆದರೆ ಲಾಂಚ್ ಇಳಿದ ಮೇಲೂ ತುಮರಿಗೆ ಬಸ್ಸೇ ಬೇಕಲ್ವಾ? ಬೆಳಿಗ್ಗೆ ಕಾಲೇಜಿನ ಹೊತ್ತಿಗೆ, ಸಂಜೆ ಕತ್ತಲಾದ ಮೇಲೆ, ಸಾಗರಕ್ಕೆ ಹೋಗಿಬರುವ ಸರ್ಕಾರಿ ಬಸ್ ಜಾಸ್ತಿ ಆಗಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಿಗುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಆ ಬಸ್ಸೇ ಬಾರದ ಊರಿನ ಹೆಣ್ಣುಮಕ್ಕಳಿಗೆ ಅದರಿಂದ ಏನು ಸಿಕ್ಕಂತಾಯಿತು?

ದಡದ ಅಂಗಡಿಯವರಿಗೆ ಸೇತುವೆಯ ಎರಡೂ ತುದಿಗಳಲ್ಲಿ ಜಾಗ ಕೊಡಲಿ. ಸೇತುವೆ ನೋಡಲು ಬರುವವರೂ ಚಹಾ ಕುಡಿಯುತ್ತಾರೆ. ಲಾಂಚಿನ ಹಂಗಾಮಿ ಸಿಬ್ಬಂದಿಯನ್ನು ಮಾತ್ರ ಕೈಬಿಡಬಾರದು. ಇದೇ ಹಿನ್ನೀರಿನಲ್ಲಿ ಹಸಿರುಮಕ್ಕಿ, ಮುಪ್ಪಾನೆ ಕಡೆಯವರೂ ಲಾಂಚ್ ನಂಬಿದವರು. ಹೊಳೆಬಾಗಿಲಿನ ಲಾಂಚು, ಅದನ್ನು ನಡೆಸಿ ಪಳಗಿದ ಕೈಗಳು, ಡೀಸೆಲ್ಲಿನ ದುಡ್ಡು ಎಲ್ಲವೂ ಸೇತುವೆ ಇಲ್ಲದ ಕಡವುಗಳಿಗೆ ಹೋಗಲಿ.